ವೃದ್ಧರ ಬಾಲ್ಯಸ್ಮೃತಿ: ನಡುಶತಮಾನದ ಅಮೆರಿಕದ ಒಂದು ನಿದರ್ಶನ

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1946ರಿಂದ 1964ರವರೆಗಿನ ಅವಧಿಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸುಮಾರು 7 ಕೋಟಿ 60 ಲಕ್ಷ ಮಕ್ಕಳು ಹುಟ್ಟಿದರು. ಆ ಪೀಳಿಗೆಯವರು ಇಂದು ಅರುವತ್ತನ್ನು ದಾಟಿದ್ದಾರೆ. ನಾಲ್ವರು ಒಂದೆಡೆ ಸೇರಿದರೆ ಮಾತು ತಾನಾಗಿ ಬಾಲ್ಯದ ಕಡೆಗೆ ಹೊರಳುತ್ತದೆ. ಇಂಥ ಸ್ಮರಣೆಯನ್ನು ಮುಪ್ಪಿನ ಹರಟೆಯೆಂದು ತಳ್ಳಿಹಾಕುವುದು ಹಿಂದೆ ವಾಡಿಕೆಯಾಗಿತ್ತು. ಅದು ಬುದ್ಧಿಯ ಕ್ಷೀಣತೆಯಲ್ಲ, ಬಾಳನ್ನು ಮತ್ತೊಮ್ಮೆ ಪರಿಶೀಲಿಸುವ ಸಹಜ ವ್ಯಾಪಾರವೆಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರತಿಪಾದಿಸಿದರು. ಆದರೆ ಸಹಜವಾದ ಮಾತ್ರಕ್ಕೆ ಸ್ಮರಣೆಯು ಇತಿಹಾಸವಾದೀತೆ? ಆಕರವೆಂದು ಅದನ್ನು ಬಳಸುವ ವಿದ್ಯಾರ್ಥಿಗೆ ಈ ಪ್ರಶ್ನೆ ಎದುರಾಗದೆ ಇರದು.

ಈ ಸ್ಮರಣೆಗಳಲ್ಲಿ ಎದ್ದು ಕಾಣುವುವು ವಸ್ತುಗಳು. ನಸುಕಿನಲ್ಲಿ ಹಾಲಿನವನು ಬಾಗಿಲ ಬಳಿ ಇರಿಸಿಹೋಗುತ್ತಿದ್ದ ಗಾಜಿನ ಸೀಸೆ. ಚಳಿಗಾಲದಲ್ಲಿ ಅದರ ಕೆನೆ ಹೆಪ್ಪುಗಟ್ಟಿ ಕಾಗದದ ಮುಚ್ಚಳವನ್ನು ಎತ್ತಿ ನಿಲ್ಲುತ್ತಿದ್ದ ನೋಟ. ಸೈಕಲ್ಲಿನ ಗಾಲಿಯ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿದ ಬೇಸ್‌ಬಾಲ್ ಆಟಗಾರರ ಚಿತ್ರಪಟ ಪಟಪಟನೆ ಹೊಡೆದುಕೊಳ್ಳುತ್ತಿದ್ದ ಸದ್ದು. 1955ರ ಸುಮಾರಿಗೆ ಹುಡುಗರ ತಲೆಯೇರಿದ ಡೇವಿ ಕ್ರಾಕೆಟನ ತುಪ್ಪುಳದ ಟೋಪಿ. 1958ರಲ್ಲಿ ದೇಶವನ್ನೆಲ್ಲ ಕುಣಿಸಿದ ಹುಲಾ ಹೂಪ್. ಬೀದಿಯ ದೀಪ ಹತ್ತಿದೊಡನೆ ಮನೆ ಸೇರಬೇಕು, ಅಲ್ಲಿಯತನಕ ಕೇಳುವವರಿಲ್ಲ ಎಂಬ ಮಾತಂತೂ ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ವಸ್ತುಗಳ ಮಟ್ಟಿಗೆ ಈ ಸಾಕ್ಷ್ಯವನ್ನು ನಾವು ಬಹುಪಾಲು ನಂಬಬಹುದು. ಹೆಪ್ಪುಗಟ್ಟಿದ ಕೆನೆಯಂಥ ವಿವರವನ್ನು ಕಂಡವರಲ್ಲದೆ ಬೇರೆಯವರು ಕಲ್ಪಿಸುವುದು ಕಷ್ಟ.

ಹಾಗಿದ್ದರೂ ಸಾವಿರಾರು ಮೈಲಿ ದೂರದ ಊರುಗಳವರು ಇಷ್ಟೊಂದು ಏಕಸ್ವರದಲ್ಲಿ ನೆನೆಯುವುದು ಹೇಗೆ? ಒಂದು ಕಾರಣ ಸ್ಪಷ್ಟವಾಗಿದೆ. 1950ರಲ್ಲಿ ನೂರಕ್ಕೆ ಸುಮಾರು 9 ಮನೆಗಳಲ್ಲಿದ್ದ ಟೆಲಿವಿಷನ್ 1960ರ ವೇಳೆಗೆ ಹೆಚ್ಚು ಕಡಿಮೆ 90 ಮನೆಗಳನ್ನು ಹೊಕ್ಕಿತ್ತು. ಟೋಪಿಯ ಮೋಹ ಹಬ್ಬಿದ್ದು ಅದರ ಮೂಲಕವೇ. ಇನ್ನೊಂದು ಕಾರಣ ಹಂಚಿಕೊಳ್ಳುವ ಕ್ರಿಯೆಯಲ್ಲೇ ಅಡಗಿದೆ. ವ್ಯಕ್ತಿಯ ನೆನಪಿಗೂ ಸಮಾಜವೇ ಚೌಕಟ್ಟನ್ನು ಒದಗಿಸುತ್ತದೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮೋರಿಸ್ ಆಲ್ಬ್‌ವಾಕ್ಸ್ 1925ರಲ್ಲಿಯೇ ತೋರಿಸಿಕೊಟ್ಟಿದ್ದರು. ಒಬ್ಬರು ಹಾಲಿನ ಸೀಸೆಯೆಂದರೆ ಇನ್ನೊಬ್ಬರು ತಲೆದೂಗುತ್ತಾರೆ. ತಲೆದೂಗುವವರಿಲ್ಲದ ನೆನಪು ಬಾಯಿಗೆ ಬರದೆ ಉಳಿಯುತ್ತದೆ. ಹೀಗೆ ‘ನಾನು’ ಎಂದು ತೊಡಗಿದ ಕಥನ ಅರ್ಧ ಗಳಿಗೆಯಲ್ಲಿ ‘ನಾವೆಲ್ಲ’ ಎಂದಾಗುತ್ತದೆ. ಆದುದರಿಂದ ಇಂಥವರನ್ನು ಕಲೆಹಾಕಿ ಕೇಳುವ ಮೊದಲು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುವುದು ಲೇಸು.

ಬೀದಿದೀಪದ ಮಾತನ್ನೇ ನೋಡೋಣ. ಆ ಸ್ವಾತಂತ್ರ್ಯ ಕಲ್ಪಿತವಲ್ಲ; ಬೀದಿ ತುಂಬ ಮಕ್ಕಳಿದ್ದರು, ಹಗಲಲ್ಲಿ ಮನೆಯಲ್ಲಿರುತ್ತಿದ್ದ ತಾಯಂದಿರ ಕಣ್ಣು ಅವರ ಮೇಲಿತ್ತು. ಆದರೆ ಅದೇ ಬೇಸಗೆಗಳು ಪೋಲಿಯೊದ ಬೇಸಗೆಗಳೂ ಹೌದು. 1952ರ ಒಂದೇ ವರ್ಷದಲ್ಲಿ ಸುಮಾರು 58,000 ಮಂದಿಗೆ ಆ ರೋಗ ತಗಲಿತು. 3,000ಕ್ಕೂ ಹೆಚ್ಚು ಜನ ಸತ್ತರು. ಅನೇಕ ಊರುಗಳಲ್ಲಿ ಈಜುಕೊಳಗಳನ್ನು ಮುಚ್ಚಿದರು. ಸಾಲ್ಕರ ಲಸಿಕೆ ಫಲಕಾರಿಯೆಂದು ಪ್ರಕಟವಾದದ್ದು 1955ರ ಏಪ್ರಿಲ್ 12ರಂದು. ಮುಚ್ಚಿದ ಈಜುಕೊಳವು ಮಕ್ಕಳ ಪಾಲಿಗೆ ಕೇವಲ ಬೇಸರದ ಸಂಗತಿಯಾಗಿ ಉಳಿದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಂಜಿಕೆಯನ್ನು ಹೊತ್ತವರು ತಂದೆತಾಯಿಗಳು. ಅವರಲ್ಲಿ ಹೆಚ್ಚಿನವರು ಇಂದು ಹೇಳಲು ಇಲ್ಲ. ರೋಗಕ್ಕೆ ತುತ್ತಾದ ಮಕ್ಕಳೂ ಈ ಕೂಟಗಳಿಗೆ ಬರುವಂತಿಲ್ಲ. ಬದುಕಿ ಉಳಿದವರ ಸ್ಮೃತಿಯಲ್ಲಿ ಬಾಲ್ಯವು ಇದ್ದುದಕ್ಕಿಂತ ಸುರಕ್ಷಿತವಾಗಿ ತೋರುವುದಕ್ಕೆ ಇದು ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

‘ನಾವೆಲ್ಲ’ ಎಂಬುದರ ಎಲ್ಲೆಯನ್ನೂ ವಿಚಾರಿಸಬೇಕು. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ 1947ರಲ್ಲಿ ಆರಂಭವಾದ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ 1951ರ ಹೊತ್ತಿಗೆ 17,000ಕ್ಕೂ ಮಿಕ್ಕಿ ಮನೆಗಳೆದ್ದಿದ್ದವು. ನೆನಪಿನ ಚಿತ್ರದಲ್ಲಿ ಕಾಣುವ ಹುಲ್ಲುಹಾಸು, ಸೈಕಲ್ಲು, ಒಂದೇ ಅಚ್ಚಿನ ಮನೆಗಳು ಇಂಥ ಬಡಾವಣೆಗಳವೇ. ಅದರ ಮೊದಲ ಕರಾರುಪತ್ರಗಳು ಬಿಳಿಯರಲ್ಲದವರ ವಾಸವನ್ನು ನಿಷೇಧಿಸಿದ್ದವು, ಮನೆಗೆಲಸದವರನ್ನು ಬಿಟ್ಟು! ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತರೂ ವಾಡಿಕೆ ನಿಲ್ಲಲಿಲ್ಲ. ಅದೇ ಹೆಸರಿನ ಪೆನ್ಸಿಲ್ವೇನಿಯದ ಬಡಾವಣೆಗೆ 1957ರ ಆಗಸ್ಟಿನಲ್ಲಿ ಮೊದಲ ಕರಿಯ ಕುಟುಂಬ ಬಂದಾಗ ಗುಂಪುಗಳು ನೆರೆದು ಕಿಟಕಿಗೆ ಕಲ್ಲು ತೂರಿದವು.

ನ್ಯೂ ಆರ್ಲಿಯನ್ಸಿನ ರೂಬಿ ಬ್ರಿಡ್ಜಸ್ ಕೂಡ ಇದೇ ಪೀಳಿಗೆಯವರು. 1960ರ ನವೆಂಬರಿನಲ್ಲಿ, ಆರು ವರ್ಷದ ಕರಿಯ ಬಾಲೆಯಾಗಿದ್ದ ಆಕೆ, ಅದುವರೆಗೆ ಬಿಳಿಯರಿಗೆ ಮೀಸಲಾಗಿದ್ದ ಶಾಲೆಗೆ ಕೇಂದ್ರ ಸರಕಾರದ ಅಧಿಕಾರಿಗಳ ಕಾವಲಿನಲ್ಲಿ ಹೋದರು. ದಾರಿಯಲ್ಲಿ ಕೂಗಾಡುತ್ತಿದ್ದ ಜನಸಂದಣಿಯನ್ನು ಕಂಡು ಅದು ಊರಿನ ಮಾರ್ಡಿ ಗ್ರಾ ಹಬ್ಬವೆಂದು ತಾವು ಭಾವಿಸಿದುದಾಗಿ ಮುಂದೆ ಅವರೇ ಹೇಳಿದ್ದಾರೆ. ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದುದರಿಂದ ಆ ವರ್ಷವೆಲ್ಲ ಅವರ ತರಗತಿಯಲ್ಲಿದ್ದವರು ಇಬ್ಬರೇ: ಒಬ್ಬ ಶಿಕ್ಷಕಿ, ಮತ್ತು ಅವರು.