ಹತ್ತು ತಿಂಗಳ ನಾಯಿ ಹದಕ್ಕೆ ಬಂದ ಬಗೆ

“ನಾಯಿ ಕಟ್ಟಿದ್ದೀರಾ?” ಬಂದವರು ಗೇಟಿನ ಹೊರಗೇ ನಿಂತು ಹೀಗೆ ಕೂಗುವುದು ನಮ್ಮ ಕಡೆ ವಾಡಿಕೆ. ನಮ್ಮಲ್ಲಿ ಮಾತ್ರ ಕಟ್ಟಿದೆ ಎಂದರೂ ಯಾರೂ ಒಳಗೆ ಬರುತ್ತಿರಲಿಲ್ಲ. ಸರಪಳಿ ತುಂಡು ಮಾಡಿಕೊಂಡು ಬಂದೀತು ಎಂಬ ಹೆದರಿಕೆ.

ನಮ್ಮ ಬೊಳ್ಳು ಊರುನಾಯಿಗೂ ಅಲ್ಸೇಶಿಯನ್‌ಗೂ ಹುಟ್ಟಿದ ಗಂಡು. ಎರಡು ತಿಂಗಳ ಮರಿಯಾಗಿ ಬಂದಾಗ ಬಲು ಪಾಪದ್ದು. ಕರೆದರೆ ಬರುತ್ತಿತ್ತು, ಬೈದರೆ ಮೂಲೆ ಸೇರುತ್ತಿತ್ತು. ಎಂಟು ತಿಂಗಳು ದಾಟಿದ್ದೇ ತಡ, ಹೆಸರು ಹಿಡಿದು ಕರೆದರೆ ಕಿವಿಯೇ ಇಲ್ಲದ ಹಾಗೆ. ಕೋಳಿ ಕಂಡರೆ ಓಟ. ಕರು ಕುಣಿದರೆ ಅದರ ಹಿಂದೆ. ಬೈಕಿನ ಸದ್ದಾದರೆ ಗೇಟಿನವರೆಗೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ನಾಲ್ಕು ಸುತ್ತು ಹೊಡೆದರೆ ಅದನ್ನು ಪುನಃ ಹರಡುವುದಕ್ಕೆ ಒಂದು ಆಳು ಬೇಕು.

ಹೀಗಿರುವಾಗ ಒಂದು ಶನಿವಾರ ನಮ್ಮ ಕೆಲಸದಾಕೆಯ ಒಂಬತ್ತು ವರ್ಷದ ಮಗಳು ಶಾಲೆ ಬಿಟ್ಟು ತಾಯಿಯನ್ನು ಹುಡುಕಿಕೊಂಡು ಬಂದಳು. ಬೊಳ್ಳು ಕೊಂಡಿ ಕಿತ್ತುಕೊಂಡು ಅವಳ ಮೈಮೇಲೆ ಹಾರಿತು. ಆಟಕ್ಕೇ ಹಾರಿದ್ದು. ಆದರೆ ಮಗು ಬಿತ್ತು, ತೋಳಿಗೆ ಹಲ್ಲು ತಾಗಿ ರಕ್ತ ಬಂತು. ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಮ್ಮ ನಾಯಿಗೆ ಹುಚ್ಚುರೋಗದ ಲಸಿಕೆ ಆಗಿತ್ತು. ಆದರೂ ಮಗುವಿಗೆ ಚುಚ್ಚುಮದ್ದು ಬಿಡುವ ಹಾಗಿಲ್ಲ ಎಂದರು ಡಾಕ್ಟರು. ನಾಲ್ಕು ಸಲ ಹೋಗಿ ಕೊಡಿಸಿದೆವು. ಹತ್ತು ದಿನ ನಾಯಿಯ ಮೇಲೂ ಕಣ್ಣಿಟ್ಟಿದ್ದೆವು.

“ಅಣ್ಣಾ, ನಿಮಗೆ ನಾಯಿ ಬೇಕಾ, ಕೆಲಸದವರು ಬೇಕಾ ಹೇಳಿಬಿಡಿ” ಎಂದಳು ತಾಯಿ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊಯ್ಲಿಗೆ ಒಂದು ತಿಂಗಳೂ ಉಳಿದಿರಲಿಲ್ಲ. “ಗೋಣಿಯಲ್ಲಿ ಹಾಕಿ ಪೇಟೆಯಲ್ಲಿ ಬಿಟ್ಟು ಬಾ ಮಾರಾಯ” ಎಂದರು ನೆರೆಮನೆಯವರು. ನಮ್ಮಲ್ಲಿ ಅನೇಕರು ಮಾಡುವುದೂ ಅದನ್ನೇ. ಪೇಟೆಯಲ್ಲಿ ಬಿಟ್ಟ ಇಂಥ ನಾಯಿ ಇನ್ನೊಂದು ಮಗುವಿನ ಮೈಮೇಲೆ ಹಾರುತ್ತದೆ, ಇಲ್ಲವೇ ಲಾರಿಯಡಿಗೆ ಬೀಳುತ್ತದೆ. ಅವಳ ಹತ್ತಿರ ಎರಡು ತಿಂಗಳ ಗಡು ಕೇಳಿದೆ. ಅಷ್ಟು ದಿನ ನಾಯಿ ಅವಳ ದಾರಿಗೆ ಬಾರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ನಾನು ಮಾಡಿದ ಮೂರು ತಪ್ಪು

ಮೊದಲನೆಯದು, ಕಟ್ಟಿದ ಜಾಗ. ಕಾವಲಿಗೆ ಎಂದು ಗೇಟಿನ ಪಕ್ಕದಲ್ಲೇ ಕಟ್ಟಿದ್ದೆ. ಬೆಳಗ್ಗಿನಿಂದ ಕತ್ತಲಾಗುವವರೆಗೆ ಹೋಗುವವರು, ಬರುವವರು, ದನ, ಬೈಕು ಎಲ್ಲ ಅದರ ಮೂಗಿನ ಮುಂದೆಯೇ. ಪ್ರತಿ ಸಲವೂ ಬೊಗಳಾಟ, ಎಳೆದಾಟ.

ಎರಡನೆಯದು, ಏಟು. ಹೊಡೆದಾಗ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಇಮ್ಮಡಿ ಕೆರಳುತ್ತಿತ್ತು. ಜನ ಬಂದಾಗಲೆಲ್ಲ ಬೆನ್ನಿಗೆ ಏಟು ಬಿದ್ದರೆ, ಜನ ಬಂದರೆ ನೋವಾಗುತ್ತದೆ ಎಂದಷ್ಟೇ ನಾಯಿ ಕಲಿಯುತ್ತದೆ. ಕಚ್ಚುವ ನಾಯಿಯನ್ನು ನಾವೇ ಹೀಗೆ ತಯಾರು ಮಾಡುತ್ತೇವೆ.

ಮೂರನೆಯದು, ಓಡಿಸಿದ್ದು. ದಣಿದರೆ ಸುಮ್ಮನಾದೀತು ಎಂದು ದಿನಾ ಸಂಜೆ ಅರ್ಧ ಗಂಟೆ ಕೋಲೆಸೆದು ತರಿಸಿದೆ. ದಣಿಯಲಿಲ್ಲ. ಇನ್ನಷ್ಟು ಓಡುವ ಶಕ್ತಿ ಬಂತು, ಅಷ್ಟೆ. ಅದೂ ಅಲ್ಲದೆ, ಅಲ್ಲಾಡುವುದು ಏನು ಕಂಡರೂ ಬೆನ್ನಟ್ಟುವ ಚಟ ಗಟ್ಟಿಯಾಯಿತು.

ಯಾಕೆ ಹೀಗೆ?

ಸುಮಾರು ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ನಾಯಿಗೆ ಹರೆಯ. ಮೈ ಬೆಳೆದಿರುತ್ತದೆ, ತಲೆ ಬೆಳೆದಿರುವುದಿಲ್ಲ. ದೊಡ್ಡ ಜಾತಿಗಳಲ್ಲಿ ಇದು ಎರಡು ವರ್ಷದವರೆಗೂ ಎಳೆಯಬಹುದು. 2020ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಐದು ತಿಂಗಳಿನಲ್ಲಿ ಸಾಕಿದವರ ಮಾತು ಕೇಳುತ್ತಿದ್ದ ಮರಿಗಳು ಎಂಟು ತಿಂಗಳಿಗೆ ಬಂದಾಗ ಅವರದೇ ಮಾತನ್ನು ಕಡಿಮೆ ಕೇಳಿದವು. ತಮಾಷೆಯೆಂದರೆ ಹೊರಗಿನವರು ಹೇಳಿದರೆ ಕೇಳುತ್ತಿದ್ದವು! ನಮ್ಮ ಮನೆಯ ಮಕ್ಕಳ ಹಾಗೆಯೇ. ಹನ್ನೆರಡು ತಿಂಗಳ ಹೊತ್ತಿಗೆ ಈ ಹಟ ಇಳಿದಿತ್ತು. ಅಂದರೆ ಇದು ನಾಯಿಯ ಕೆಟ್ಟ ಗುಣವಲ್ಲ, ದಾಟಿ ಹೋಗುವ ಕಾಲ. ಆದರೆ ಈ ಕಾಲದಲ್ಲಿ ಹಿಡಿದ ಚಟ ತಾನಾಗಿ ಹೋಗುವುದಿಲ್ಲ.

ಕೆರಳುವ ಸ್ವಭಾವದ ನಾಯಿ ಒಲೆಯ ಮೇಲಿನ ಹಾಲಿದ್ದಂತೆ. ಉಕ್ಕುವ ಮೊದಲು ಬೆಂಕಿ ತಗ್ಗಿಸಬೇಕು. ಉಕ್ಕಿದ ಮೇಲೆ ಅದಕ್ಕೆ ನಮ್ಮ ಮಾತು ಕೇಳಿಸುವುದೂ ಇಲ್ಲ, ತಿಂಡಿ ಕೊಟ್ಟರೆ ಬೇಕಾಗುವುದೂ ಇಲ್ಲ. ಉಕ್ಕುವ ಮೊದಲಿನ ಗುರುತುಗಳು ಇವು: ತೆರೆದಿದ್ದ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ನಿಲ್ಲುತ್ತದೆ, ಬಾಲ ಸೆಟೆಯುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ. ಒಂದು ವಾರ ಸುಮ್ಮನೆ ನೋಡಿ, ನಿಮಗೇ ಗೊತ್ತಾಗುತ್ತದೆ.

ಮೊದಲು ಪಶುವೈದ್ಯರು

ಪಾಠ ಶುರು ಮಾಡುವ ಮೊದಲು ಪಶು ಆಸ್ಪತ್ರೆಗೆ ಒಯ್ದೆ. ಒಂದು ಕಿವಿಯ ಒಳಗೆ ಸೋಂಕು, ಬೆರಳ ಸಂದಿಯಲ್ಲಿ ಉಣ್ಣಿ. ನಮಗೆ ತಿಳಿದೇ ಇರಲಿಲ್ಲ. ನೋವು, ತುರಿಕೆ ಇರುವ ಪ್ರಾಣಿ ಸುಮ್ಮನಿರುವುದು ಹೇಗೆ? ಮದ್ದು ಹಾಕಿ ವಾರದಲ್ಲೇ ರಾತ್ರಿಯ ಬೊಗಳಾಟ ಸ್ವಲ್ಪ ಇಳಿಯಿತು. ಮುಂದೆ ವೈದ್ಯರ ಸಲಹೆಯಂತೆ ಸಂತಾನಹರಣವನ್ನೂ ಮಾಡಿಸಿದೆ. ಅದರಿಂದ ಊರು ಸುತ್ತುವುದು ಕಡಿಮೆಯಾಯಿತು. ಮೈಮೇಲೆ ಹಾರುವುದು ಮಾತ್ರ ಅದರಿಂದ ನಿಲ್ಲುವುದಿಲ್ಲ. ಅದಕ್ಕೆ ಪಾಠವೇ ಬೇಕು.

ಜಾಗ ಬದಲು, ನಿದ್ದೆ ಪೂರ್ತಿ

ನಾಯಿಯನ್ನು ಗೇಟಿನಿಂದ ತೆಗೆದು ಹಟ್ಟಿಯ ಹಿಂದೆ ನೆರಳಿಗೆ ತಂದೆ. ಅಲ್ಲಿಂದ ತೋಟ ಕಾಣುತ್ತದೆ, ದಾರಿ ಕಾಣುವುದಿಲ್ಲ. ಎರಡು ತೆಂಗಿನಮರಗಳ ನಡುವೆ ತಲೆಗೆ ತಾಗದಷ್ಟು ಎತ್ತರದಲ್ಲಿ ಮೂವತ್ತು ಅಡಿ ದಪ್ಪ ತಂತಿ ಎಳೆದು, ಅದಕ್ಕೊಂದು ಬಳೆ ಹಾಕಿ, ಬಳೆಗೆ ಸರಪಳಿ ಸಿಕ್ಕಿಸಿದೆ. ಆಚೆಯಿಂದ ಈಚೆಗೆ ನಡೆದಾಡಬಹುದು. ಸರಪಳಿ ಮರಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಲ್ಲಿ ಬಳೆಗೆ ತಡೆ ಇರಲೇಬೇಕು. ಚಿರತೆ ತಿರುಗುವ ಊರುಗಳಲ್ಲಿ ರಾತ್ರಿ ಹೀಗೆ ಹೊರಗೆ ಕಟ್ಟುವುದು ಬೇಡ, ಒಳಗೆ ಹಾಕಿ. ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ.

ಇನ್ನೊಂದು ಸಂಗತಿ ನಿದ್ದೆ. ಬೆಳೆಯುವ ನಾಯಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಬೇಕು. ಗೇಟಿನ ಪಕ್ಕದಲ್ಲಿ ಅದಕ್ಕೆ ನಿದ್ದೆಯೇ ಇರಲಿಲ್ಲ. ನಿದ್ದೆಗೆಟ್ಟ ಮಗುವಿನ ಹಾಗೆ ಸಂಜೆ ರಂಪ. ಈಗ ಹನ್ನೊಂದರಿಂದ ನಾಲ್ಕರವರೆಗೆ ಮಬ್ಬುಗತ್ತಲೆಯ ಸೌದೆ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಬಿಡುತ್ತೇವೆ, ಪಕ್ಕದಲ್ಲಿ ನೀರು. ಆ ಹೊತ್ತು ಯಾರೂ ಮಾತಾಡಿಸುವ ಹಾಗಿಲ್ಲ.

ಕಾಲಿಗಲ್ಲ, ಮೂಗಿಗೆ ಕೆಲಸ

ಕೋಲೆಸೆಯುವುದು ನಿಲ್ಲಿಸಿದೆ. ಬೆಳಗ್ಗೆ ಇಪ್ಪತ್ತು ಅಡಿಯ ನೂಲಿನ ಹಗ್ಗ ಹಿಡಿದು ತೋಟದ ಕಣಿಯುದ್ದಕ್ಕೂ ಅದರ ಪಾಡಿಗೆ ಮೂಸುತ್ತಾ ನಡೆಯಲು ಬಿಡುತ್ತೇನೆ. ತೆಂಗಿನ ನಾರಿನ ಹಗ್ಗ ಬೇಡ, ಎಳೆದರೆ ಕೈ ಸುಲಿಯುತ್ತದೆ. ಕುತ್ತಿಗೆಯ ಪಟ್ಟಿಯ ಬದಲು ಎದೆಗೆ ಅಗಲದ ಪಟ್ಟಿ ಹೊಲಿಸಿದೆ. ಅರ್ಧ ಗಂಟೆ ಮೂಸಿದ ನಾಯಿ ಎರಡು ಗಂಟೆ ಮಲಗುತ್ತದೆ.

ಊಟವನ್ನೂ ತಟ್ಟೆಯಲ್ಲಿ ಕೊಡದೆ ಕೆಲವು ಸಲ ಒಣ ತರಗೆಲೆಯ ನಡುವೆ ಚಪಾತಿ ಚೂರು ಚೆಲ್ಲುತ್ತೇನೆ, ಹುಡುಕಿ ತಿನ್ನಲಿ. ಅಡಿಕೆ ಹಾಳೆಯ ತುಂಡಿಗೆ ಅನ್ನ ಸವರಿ, ಮಡಚಿ ಕಟ್ಟಿ ಕೊಟ್ಟರೆ ಬಿಚ್ಚಿ ನೆಕ್ಕುವುದರಲ್ಲಿ ಕಾಲು ಗಂಟೆ. ನೆಕ್ಕುವುದು, ಜಗಿಯುವುದು ನಾಯಿಯನ್ನು ತಣ್ಣಗೆ ಮಾಡುತ್ತದೆ. ಹಾಳೆ ನುಂಗದಂತೆ ಎದುರಿಗಿರಬೇಕು. ಬೇಯಿಸಿದ ಕೋಳಿಮೂಳೆ ಬೇಡ, ಸಿಗಿದು ಗಂಟಲಿಗೋ ಕರುಳಿಗೋ ಚುಚ್ಚೀತು.

ಮೂರು ನಿಮಿಷದ ಪಾಠ

ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮೂರೇ ನಿಮಿಷ. ಕೂಲಿ: ಅವರೆಕಾಳಿನಷ್ಟು ದೋಸೆ ಚೂರು, ಬೇಯಿಸಿದ ಗೆಣಸು. ಕಷ್ಟದ ಪಾಠಕ್ಕೆ ಬೇಯಿಸಿದ ಮೊಟ್ಟೆ. ಇದನ್ನು ದಿನದ ಊಟದಲ್ಲೇ ಕಳೆಯಬೇಕು, ಇಲ್ಲವಾದರೆ ಕೊಬ್ಬುತ್ತದೆ.

ಮೊದಲ ವಾರ ಒಂದೇ ಪಾಠ, ಗೋಣಿಯ ಮೇಲೆ ಮಲಗುವುದು. ಮಲಗಿದರೆ ಮುಂಗಾಲಿನ ನಡುವೆ ಸದ್ದಿಲ್ಲದೆ ಒಂದು ಚೂರು. ಎದ್ದರೆ ಇಲ್ಲ. ಬೈಗುಳವೂ ಇಲ್ಲ. ಜೋರಾಗಿ ಹೊಗಳಿದರೂ ಕುಣಿಯುತ್ತದೆ, ಆದ್ದರಿಂದ ಸಣ್ಣ ದನಿಯಲ್ಲಿ “ಆಯ್ತು” ಎಂದರೆ ಸಾಕು.

ಎರಡನೇ ವಾರದಿಂದ ಕೋಳಿ. ಗೂಡಿನಲ್ಲಿದ್ದ ಕೋಳಿಯಿಂದ ಅರುವತ್ತು ಅಡಿ ದೂರ ನಿಂತೆ. ಬೊಳ್ಳು ನೋಡಿತು. ಕಿವಿ ನಿಂತ ಕೂಡಲೇ ಹೆಸರು ಕರೆದೆ. ತಿರುಗಿ ನನ್ನ ಮುಖ ನೋಡಿತು, ಚೂರು ಕೊಟ್ಟೆ. ತಿರುಗದಿದ್ದರೆ ನಾನು ತೀರಾ ಹತ್ತಿರ ನಿಂತಿದ್ದೇನೆ ಎಂದೇ ಅರ್ಥ. ಹತ್ತು ಅಡಿ ಹಿಂದೆ ಸರಿಯುತ್ತಿದ್ದೆ. ಅರುವತ್ತು ಅಡಿಯಿಂದ ಹತ್ತಕ್ಕೆ ಬರಲು ಆರು ವಾರ ಹಿಡಿಯಿತು. ಕರು, ಬೈಕು, ದಾರಿಹೋಕರಿಗೂ ಇದೇ ಲೆಕ್ಕ.

ಮೈಮೇಲೆ ಹಾರುವಾಗ ದೂಡಿದರೆ ಅದಕ್ಕೆ ಅದೂ ಆಟವೇ. ಬೆನ್ನು ತಿರುಗಿಸಿ ಕಂಬದಂತೆ ನಿಲ್ಲಬೇಕು. ನಾಲ್ಕೂ ಕಾಲು ನೆಲದಲ್ಲಿದ್ದರೆ ಮಾತ್ರ ಮಾತು, ಮುದ್ದು. ಮನೆಯ ಎಲ್ಲರಿಗೂ ಇದೇ ನಿಯಮ. ನಮ್ಮ ಅಮ್ಮ ಮಾತ್ರ ಬೊಗಳಿದಾಗೆಲ್ಲ “ಪಾಪ, ಹಸಿವೆಯೇನೋ” ಎಂದು ಜಗಲಿಯಿಂದ ದೋಸೆ ಎಸೆಯುತ್ತಿದ್ದರು. ನಾಯಿಗಿಂತ ಅಮ್ಮನನ್ನು ಪಳಗಿಸುವುದೇ ಕಷ್ಟವಾಯಿತು!

ಸೋತದ್ದೂ ಉಂಟು

ಕೊಯ್ಲಿನ ವಾರ ಎಲ್ಲವೂ ತಲೆಕೆಳಗು. ಗೊನೆ ಬೀಳುವ ಸದ್ದು, ಆಳುಗಳ ಕೂಗಾಟ. ಬೊಳ್ಳು ಮೊದಲಿನಂತೆ ಹಾರಾಡಿತು. ಆ ನಾಲ್ಕು ದಿನ ಪಾಠ ಬಿಟ್ಟು ಸೌದೆ ಕೊಟ್ಟಿಗೆಯಲ್ಲೇ ಇಟ್ಟೆ. ಕೊಯ್ಲು ಮುಗಿದ ಮೇಲೆ ಪುನಃ ನಲುವತ್ತು ಅಡಿಯಿಂದ ಶುರು. ಹಿಂದೆ ಹೋದದ್ದು ಬೇಗ ಮುಂದೆ ಬರುತ್ತದೆ, ಬೇಸರ ಬೇಡ.

ಇನ್ನೊಂದು ನಷ್ಟವೂ ಆಯಿತು. ಬೆನ್ನಟ್ಟುವ ಚಟ ಬಿಡಿಸುವಾಗ ಮಂಗ ಓಡಿಸಲು ಬಿಡುವಂತಿಲ್ಲ. ಅಷ್ಟು ದಿನ ನಮ್ಮ ಬೊಂಡಗಳೆಲ್ಲ ಮಂಗಗಳ ಪಾಲು. ಈಗ ಮೊದಲು ಕುಳಿತು, ನಾನು “ಹೋಗು” ಎಂದ ಮೇಲೆಯೇ ಓಡುತ್ತದೆ. ಹತ್ತರಲ್ಲಿ ಎರಡು ಸಲ ಕಾಯದೆ ಓಡುವುದೂ ಉಂಟು.

ಗಡು ಮುಗಿಯುವ ದಿನ ಕೆಲಸದಾಕೆ ದೂರ ನಿಂತು ನೋಡಿದಳು. ನಾಯಿ ಗೋಣಿ ಬಿಟ್ಟು ಏಳಲಿಲ್ಲ. “ನೋಡುವ, ಇನ್ನೊಂದು ತಿಂಗಳು” ಎಂದಳು. ಕೊಯ್ಲಿಗೆ ಬಂದಿದ್ದಳು, ಈಗಲೂ ಬರುತ್ತಾಳೆ. ಬೊಳ್ಳುವಿಗೆ ಎರಡು ವರ್ಷ. ಆ ಹುಡುಗಿ ಬಂದಾಗ ಈಗಲೂ ಹಗ್ಗ ನನ್ನ ಕೈಯಲ್ಲಿರುತ್ತದೆ. ನಾಯಿ ಎಷ್ಟೇ ಕಲಿತಿರಲಿ, ಮಕ್ಕಳ ಜೊತೆ ಒಂಟಿಯಾಗಿ ಬಿಡುವುದು ಬೇಡ. ಅವಳು ಆರು ಅಡಿ ದೂರದಿಂದ “ಕೂರು” ಎನ್ನುತ್ತಾಳೆ, ಅದು ಕೂರುತ್ತದೆ. ಅವಳು ಎಸೆದ ದೋಸೆ ಚೂರಿಗೆ ಬಾಯಿ ಹಾಕುತ್ತದೆ.

ಖರ್ಚು ಹೆಚ್ಚಿಲ್ಲ. ತಂತಿ, ಬಳೆ, ಎದೆಪಟ್ಟಿ, ಹಗ್ಗ ಅಷ್ಟೆ. ಬೇಕಾದ್ದು ದಿನಕ್ಕೆ ಮುಕ್ಕಾಲು ಗಂಟೆ, ಜೊತೆಗೆ ನಮ್ಮ ಸಿಟ್ಟಿಗೆ ಕಡಿವಾಣ. ನಿಮ್ಮಲ್ಲೂ ಇಂಥ ಹರೆಯದ ನಾಯಿ ಇದ್ದರೆ ಪೇಟೆಗೆ ಒಯ್ಯುವ ಮೊದಲು ಕಟ್ಟಿದ ಜಾಗ ಬದಲಿಸಿ ನೋಡಿ. ನಾಳೆ ಬೆಳಗ್ಗೆಯೇ ಮಾಡಬಹುದಾದ ಕೆಲಸ ಅದು.