ಕೂಗೋದು ಬೆಲ್ಟು, ತಪ್ಪು ಇನ್ನೊಬ್ಬರದು

ನಮ್ಮ ಬೀದಿಯಲ್ಲಿ ಯಾರ ಕಾರು ಕೂಗಿದರೂ ಗ್ಯಾರೇಜಿಗೆ ಹೋಗುವ ಮುಂಚೆ ನನ್ನ ಗೇಟಿನ ಮುಂದೆ ಒಮ್ಮೆ ನಿಲ್ಲುತ್ತದೆ. ಬೆಂಗಳೂರಿನ ಸಿಟಿ ಬಸ್ ಸಂಸ್ಥೆ ಬಿಟಿಎಸ್‌ನಲ್ಲಿ ಮೆಕ್ಯಾನಿಕ್ ಆಗಿ ಸೇರಿ, 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಅದೇ ಎಣ್ಣೆ ಮೆತ್ತಿದ ಖಾಕಿಯಲ್ಲಿ ಮುಂದುವರಿದು ನಿವೃತ್ತನಾದವನು ನಾನು. ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯಿಂದ ಶಾಂತಿನಗರದ ಡಿಪೋಗೆ ನಡೆದೇ ಹೋಗುತ್ತಿದ್ದೆ. ಈಗ ಫೀಸು ಗೀಸು ಏನೂ ಇಲ್ಲ, ಒಂದು ಲೋಟ ಕಾಫಿ ಸಿಕ್ಕರೆ ಬಾನೆಟ್ ಎತ್ತುತ್ತೇನೆ.

ಬರುವವರೆಲ್ಲ ಕೇಳುವುದು ಒಂದೇ, "ಸದ್ದು ಎಲ್ಲಿಂದ ಬರ್ತಿದೆ?" ನಾನು ತಿರುಗಿಸಿ ಕೇಳುವುದೂ ಒಂದೇ, "ಯಾವಾಗ ಬರುತ್ತೆ?" ಬಾನೆಟ್ಟಿನ ಕೆಳಗೆ ಸದ್ದು ತಗಡಿನಿಂದ ತಗಡಿಗೆ ಬಡಿದು ಬರುತ್ತದೆ, ಎಡಗಡೆ ಕೂಗಿದ್ದು ಬಲಗಡೆ ಕೇಳಿಸುತ್ತದೆ. ಜಾಗದ ವಿಚಾರದಲ್ಲಿ ಕಿವಿಯನ್ನು ನಂಬುವ ಹಾಗಿಲ್ಲ. ಹೊತ್ತು ಮಾತ್ರ ಅಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ.

ಹತ್ತನೇ ಕ್ರಾಸಿನ ಕಡೆಯ ಒಬ್ಬ ಲೆಕ್ಚರರ್ ತಮ್ಮ ಪುಟ್ಟ ಪೆಟ್ರೋಲ್ ಕಾರು ತಂದಿದ್ದರು.

"ಅಂಕಲ್, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಚಿಂವ್ ಚಿಂವ್ ಅನ್ನುತ್ತೆ. ಡಬಲ್ ರೋಡ್ ಸೇರೋ ಹೊತ್ತಿಗೆ ನಿಂತೋಗುತ್ತೆ. ಹೊಸ ಬೆಲ್ಟ್ ಹಾಕಿಸ್ದೆ. ಒಂದಷ್ಟು ದಿನ ಸುಮ್ನಿತ್ತು, ಈಗ ಮತ್ತೆ ಶುರು."

"ಸದ್ದು ಶುರುವಾಗೋ ಮುಂಚೆ ಬೇರೆ ಏನಾದ್ರೂ ಬಿಚ್ಚಿಸಿದ್ರಾಮ್ಮ?"

"ಹೂಂ, ಆಲ್ಟರ್ನೇಟರ್ ರಿಪೇರಿ ಮಾಡ್ಸಿದ್ದೆ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉಳಿದರ್ಧ ತಿಳಿಯಬೇಕಾದರೆ ಬೆಲ್ಟಿನ ಕೆಲಸ ಏನೆಂದು ತಿಳಿಯಬೇಕು.

ಎಂಜಿನ್ನಿನ ಒಂದು ಪಕ್ಕದಲ್ಲಿ ಕ್ರ್ಯಾಂಕ್ ಪುಲ್ಲಿ ಇರುತ್ತದೆ. ಅದು ತಿರುಗಿಸುವ ರಬ್ಬರ್ ಬೆಲ್ಟು ಆಲ್ಟರ್ನೇಟರನ್ನೂ (ನಮ್ಮ ಕಾಲದವರು ಇನ್ನೂ ಡೈನಮೋ ಎನ್ನುತ್ತೇವೆ) ಎ.ಸಿ. ಕಂಪ್ರೆಸರನ್ನೂ ಎಷ್ಟೋ ಕಾರುಗಳಲ್ಲಿ ವಾಟರ್ ಪಂಪನ್ನೂ ಎಳೆಯುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ವಿ ಆಕಾರದ ದಪ್ಪ ಫ್ಯಾನ್ ಬೆಲ್ಟು. ಅಮೆರಿಕದ ಡೆನ್ವರ್‌ನಲ್ಲಿ 1917ರಲ್ಲಿ ಜಾನ್ ಗೇಟ್ಸ್ ರೂಪಿಸಿದ ಮಾದರಿ. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ಹೆಚ್ಚು ಬಗ್ಗಿದರೆ ಬೋಲ್ಟ್ ಸಡಿಲಿಸಿ ಆಲ್ಟರ್ನೇಟರನ್ನು ಹೊರಗೆ ಎಳೆದು ಬಿಗಿ ಮಾಡು, ಅಷ್ಟೇ ಶಾಸ್ತ್ರ. ಈಗಿನದು ಚಪ್ಪಟೆ ಬೆಲ್ಟು, ಒಳಮೈಯಲ್ಲಿ ಉದ್ದುದ್ದ ಏಣುಗಳು. ಅದರ ಬೆನ್ನ ಮೇಲೆ 6ಪಿಕೆ1070 ಎಂದೇನೋ ಬರೆದಿರುತ್ತದೆ. ಆರು ಏಣು, ಒಂದು ಏಣಿನಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್ ಅಂತರವಿರುವ ಪಿಕೆ ಜಾತಿ, ಉದ್ದ 1070 ಮಿಲಿಮೀಟರ್. ಬಹಳ ಕಾರುಗಳಲ್ಲಿ ಬಿಗಿ ಕಾಯುವ ಕೆಲಸವನ್ನು ಸ್ಪ್ರಿಂಗ್ ಇರುವ ಟೆನ್ಷನರ್ ಮಾಡುತ್ತದೆ, ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ.

ಈ ಬೆಲ್ಟು ಎಷ್ಟು ದುಡಿಯುತ್ತದೆ ಎಂಬುದು ಕಾರಿನ ಕಿಲೋಮೀಟರ್ ಮೀಟರಿನಲ್ಲಿ ಕಾಣುವುದಿಲ್ಲ. ಲೆಕ್ಕ ಹಾಕೋಣ. ಕ್ರ್ಯಾಂಕ್ ಪುಲ್ಲಿಯ ವ್ಯಾಸ 14 ಸೆಂಟಿಮೀಟರ್, ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡಲ್ ಆಗುತ್ತಿದೆ ಎಂದುಕೊಳ್ಳಿ. ಬೆಲ್ಟಿನ ವೇಗ ಗಂಟೆಗೆ 21 ಕಿಲೋಮೀಟರ್ ಆಯಿತು. ಅಂದರೆ ಹೊಸೂರು ರಸ್ತೆಯ ಜಾಮಿನಲ್ಲಿ ನೀವು ಅಲ್ಲಾಡದೆ ಒಂದು ಗಂಟೆ ಕುಳಿತರೂ ಬೆಲ್ಟು 21 ಕಿಲೋಮೀಟರ್ ಓಡಿ ಮುಗಿಸಿರುತ್ತದೆ. "ಗಾಡಿ ಇನ್ನೂ ಮೂವತ್ತು ಸಾವಿರ ಓಡಿಲ್ಲ, ಬೆಲ್ಟ್ ಹೇಗೆ ಹೋಗುತ್ತೆ?" ಎಂದು ಜಗಳಕ್ಕೆ ನಿಲ್ಲುವವರಿಗೆ ನಾನು ಈ ಲೆಕ್ಕ ಒಪ್ಪಿಸುತ್ತೇನೆ. ಅದರ ಜೊತೆಗೆ ಧೂಳು. ಲಕ್ಕಸಂದ್ರ, ಲ್ಯಾಂಗ್‌ಫರ್ಡ್ ಟೌನ್ ಕಡೆ ಮೆಟ್ರೋ ಸುರಂಗದ ಕೆಲಸ ನಡೆದಷ್ಟು ಕಾಲ ಈ ಭಾಗದ ಕಾರುಗಳ ಪುಲ್ಲಿಯ ತೋಡುಗಳಲ್ಲಿ ಕೆರೆದಷ್ಟೂ ಸಣ್ಣ ಮರಳು ಸಿಗುತ್ತಿತ್ತು.

ಇನ್ನು ಕೂಗು. ರಬ್ಬರು ಲೋಹಕ್ಕೆ ಅಂಟುತ್ತದೆ, ಎಳೆತ ಹೆಚ್ಚಾದಾಗ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗಾದರೆ ಕಿವಿಗೆ ಅದೇ ಕೀಚಲು ಧ್ವನಿ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ, ಅಂಟು ಸಾಲದಿದ್ದರೆ ರಾಳ ಬೇರೆ ಉಜ್ಜುತ್ತಾರೆ. ಸರ್ ಸಿ.ವಿ. ರಾಮನ್ ಬೆಂಗಳೂರಿಗೆ ಬಂದದ್ದು 1933ರಲ್ಲಿ. ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗ ಈ ಕಮಾನು-ತಂತಿಯ ನಡತೆಯ ಮೇಲೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಆಮೇಲೆ ಪಿಟೀಲನ್ನು ಯಂತ್ರದಿಂದ ನುಡಿಸುವ ಸಲಕರಣೆ ಮಾಡಿ, ಕಮಾನಿನ ಒತ್ತಡ ಎಷ್ಟಿರಬೇಕು, ವೇಗ ಎಷ್ಟಿರಬೇಕು ಎಂದು ಅಳೆದರು. ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಇದೆ, ಸಾಲುಸಾಲು ಆಟೋ ಸ್ಪೇರ್ಸ್ ಅಂಗಡಿಗಳೂ ಇವೆ. ಒಳಗೆ ಬೇಕಾದ ಸದ್ದೇ ಹೊರಗೆ ಬೇಡವಾದ ಸದ್ದು ಎಂದು ಅಲ್ಲಿ ಹೋದಾಗಲೆಲ್ಲ ನನಗೆ ನಗು ಬರುತ್ತದೆ.

ಬೆಲ್ಟಿನ ಕೂಗಿನಲ್ಲಿ ಎರಡು ಜಾತಿ. ಒಂದು ಉದ್ದನೆಯ "ಕೀ...ಚ್". ಎ.ಸಿ. ಹಾಕಿದಾಗ, ಆಕ್ಸಿಲರೇಟರ್ ಒತ್ತಿದಾಗ ಜೋರಾಗುತ್ತದೆ. ಅದು ಬಿಗಿ ಸಾಲದೆ ಬೆಲ್ಟು ಜಾರುತ್ತಿರುವ ಲಕ್ಷಣ: ಟೆನ್ಷನರ್ ಸೋತಿದೆ, ಇಲ್ಲವೇ ಬೆಲ್ಟು ಸವೆದಿದೆ, ಇಲ್ಲವೇ ಎಣ್ಣೆಯೋ ಕೂಲೆಂಟೋ ತಾಗಿದೆ. ಇನ್ನೊಂದು ಬಿಟ್ಟು ಬಿಟ್ಟು ಬರುವ "ಚಿಂವ್ ಚಿಂವ್". ಐಡಲ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಎಂಜಿನ್ ಏರಿದರೆ ಗದ್ದಲದಲ್ಲಿ ಕರಗಿಹೋಗುತ್ತದೆ. ಇದು ಬಹುಪಾಲು ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿರುವುದರ ದೂರು. ಬೆಲ್ಟು ಪುಲ್ಲಿಯ ತೋಡಿನೊಳಕ್ಕೆ ಓರೆಯಾಗಿ ಇಳಿಯುತ್ತದೆ, ಏಣಿನ ಪಕ್ಕ ಉಜ್ಜುತ್ತದೆ, ಪ್ರತಿ ಸಲ ಕಚ್ಚಿ ಬಿಡುವಾಗ ಒಂದು ಚಿಂವ್. ಬೆಳಗಿನ ತಂಡಿಯಲ್ಲಿ ರಬ್ಬರು ಬಿರುಸಾಗಿರುತ್ತದೆ, ಮೇಲೆ ಇಬ್ಬನಿಯ ತೇವ, ಸ್ಟಾರ್ಟ್ ಮಾಡಿ ಇಳಿದ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರಿಗೂ ಆಗಲೇ ಹೆಚ್ಚು ಭಾರ. ಹಾಗಾಗಿ ಬೆಳಿಗ್ಗೆ ಕೂಗು, ಡಬಲ್ ರೋಡಿಗೆ ಬರುವಷ್ಟರಲ್ಲಿ ಮೌನ.

ಎರಡನ್ನೂ ಬೇರ್ಪಡಿಸಲು ಗಿಡಕ್ಕೆ ಸಿಂಪಡಿಸುವ ನೀರಿನ ಬಾಟಲಿ ಸಾಕು. ಎಂಜಿನ್ ಐಡಲ್‌ನಲ್ಲಿರುವಾಗ ಬೆಲ್ಟಿನ ಏಣಿನ ಕಡೆಗೆ ದೂರದಿಂದ ಬರಿಯ ನೀರು ಹೊಡೆಯಿರಿ. ಕೂಗು ಥಟ್ಟನೆ ನಿಂತು ಸ್ವಲ್ಪ ಹೊತ್ತಿಗೆ ಮರಳಿ ಬಂದರೆ ಪುಲ್ಲಿ ಸೊಟ್ಟ. ನೀರು ಬಿದ್ದೊಡನೆ ಇನ್ನೂ ಜೋರಾದರೆ ಬಿಗಿ ಸಾಲದು. ನೀರಿಗೆ ಕ್ಯಾರೇ ಅನ್ನದಿದ್ದರೆ ಬೆಲ್ಟನ್ನು ಬಿಟ್ಟು ಬೇರಿಂಗುಗಳ ಕಡೆ ನೋಡಿ. ಇದನ್ನು ಮಾಡುವಾಗ ವೇಲು, ಸೆರಗು, ಜಡೆ, ಮುಖ್ಯವಾಗಿ ನಮ್ಮ ಐಟಿ ಮಕ್ಕಳು ಭಾನುವಾರವೂ ಕೊರಳಲ್ಲಿ ನೇತುಹಾಕಿಕೊಳ್ಳುವ ಆ ಗುರುತಿನ ಚೀಟಿಯ ಪಟ್ಟಿ, ಯಾವುದೂ ಬಾನೆಟ್ಟಿನೊಳಕ್ಕೆ ಇಳಿಯಕೂಡದು. ಎಂಜಿನ್ ಆಫ್ ಮಾಡಿದ ಮೇಲೂ ಎಷ್ಟೋ ಕಾರುಗಳಲ್ಲಿ ರೇಡಿಯೇಟರ್ ಫ್ಯಾನು ತಾನಾಗಿ ತಿರುಗಬಹುದು.

ಲೆಕ್ಚರರ್ ಕಾರಿನಲ್ಲಿ ನೀರು ಬಿದ್ದ ಕೂಡಲೇ ಸದ್ದು ನಿಂತಿತು, ಮತ್ತೆ ಬಂತು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಉದ್ದನೆಯ ಉಕ್ಕಿನ ಸ್ಕೇಲನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒರಗಿಸಿ ಆಲ್ಟರ್ನೇಟರ್ ಪುಲ್ಲಿಯವರೆಗೆ ಹಿಡಿದೆ. ಆ ಕಾರಿನಲ್ಲಿ ಎರಡೂ ಮುಖಗಳು ಸಮನಾಗಿ ಕೂರಬೇಕು. ಆಲ್ಟರ್ನೇಟರಿನದು ಒಳಕ್ಕೆ ಸರಿದಿತ್ತು. ಒಂದಡಿ ದೂರಕ್ಕೆ ಒಂದೂವರೆ ಮಿಲಿಮೀಟರ್ ಸೊಟ್ಟವಾದರೂ ಈ ಬೆಲ್ಟು ಕೂಗಬಲ್ಲದು. ರಿಪೇರಿ ಮಾಡಿದವರು ಆಲ್ಟರ್ನೇಟರನ್ನು ಮರಳಿ ಕೂರಿಸುವಾಗ ಬೋಲ್ಟಿನ ಹಿಂದಿನ ಒಂದು ವಾಷರ್ ಬಿಟ್ಟಿದ್ದರು. ಹಾಗಾದರೆ ಹೊಸ ಬೆಲ್ಟು ಹಾಕಿದಾಗ ಕೆಲವು ದಿನ ಏಕೆ ಸುಮ್ಮನಿತ್ತು? ಹೊಸ ರಬ್ಬರು ಮೆತ್ತಗಿರುತ್ತದೆ, ಓರೆಯನ್ನು ಸಹಿಸಿಕೊಳ್ಳುತ್ತದೆ. ಏಣಿನ ಪಕ್ಕ ಸವೆದು ನುಣುಪಾದ ಮೇಲೆ ಹಳೆಯ ಕತೆ. ಇದೇ ಕಾರಣಕ್ಕೆ ಕೂಗಿದೊಡನೆ ಬೆಲ್ಟು ಬದಲಾಯಿಸುವುದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಸೋಪು ಉಜ್ಜುವುದು, ಪೌಡರ್ ಉದುರಿಸುವುದು, ಡಬ್ಬಿಯಲ್ಲಿ ಬರುವ ಬೆಲ್ಟ್ ಸ್ಪ್ರೇ ಹೊಡೆಯುವುದು ಇವಂತೂ ದೂರು ಕೊಟ್ಟವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಆ ಜಿಗುಟಿಗೆ ನಮ್ಮೂರಿನ ಧೂಳೆಲ್ಲ ಬಂದು ಮೆತ್ತಿಕೊಳ್ಳುತ್ತದೆ.

ಹಳೆಯ ಬೆಲ್ಟು ಸತ್ತಿದೆಯೋ ಬದುಕಿದೆಯೋ ನೋಡುವ ರೀತಿಯೂ ಬದಲಾಗಿದೆ. ಮುಂಚಿನ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಟ್ಟು ವಯಸ್ಸು ಹೇಳುತ್ತಿದ್ದವು. ಈಗ ಬಳಸುವ ಇಪಿಡಿಎಂ ರಬ್ಬರು ಸುಲಭಕ್ಕೆ ಬಿರುಕು ಬಿಡದು, ಟೈರಿನಂತೆ ಸವೆಯುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ, ಏಣಿನ ನಡುವಿನ ಕಣಿವೆ ಮಾತ್ರ ಅಗಲವಾಗಿರುತ್ತದೆ. ಬಿರುಕಿಲ್ಲ, ಚೆನ್ನಾಗಿದೆ ಎನ್ನುವ ಮಾತಿಗೆ ಈಗ ಬೆಲೆಯಿಲ್ಲ.

ಬೇರಿಂಗಿನ ಕೂಗು ಬೇರೆ ಥರ. ನೀರಿಗೆ ಜಗ್ಗುವುದಿಲ್ಲ, ಮೊದಲು ಚಿಂವ್‌ಗುಟ್ಟಿ ಕೆಲವು ವಾರಗಳಲ್ಲಿ ಗೊರಗೊರಕ್ಕೆ ತಿರುಗುತ್ತದೆ. ಡಿಪೋದಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ ಕೇಳುತ್ತಿದ್ದೆವು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯನ್ನು ರೋಗಿಯ ಎದೆಗೆ ಹಿಡಿದ ಉಪಾಯಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ತಿರುಗುವ ಬೆಲ್ಟಿನ ಪಕ್ಕ ಉಕ್ಕಿನ ಕಡ್ಡಿ ಹಿಡಿಯುವುದು ಪಳಗಿದ ಕೈಯ ಕೆಲಸ, ಮನೆಯವರಿಗೆ ಬೇಡ. ಗ್ಯಾರೇಜಿನಲ್ಲಿ ಬೆಲ್ಟನ್ನೇ ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಿಸಲು ಹೇಳಿ. ಸದ್ದು ಹೋಯಿತೇ, ಕಳ್ಳ ಬೆಲ್ಟಿನ ಬಳಗದಲ್ಲೇ ಇದ್ದಾನೆ; ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದರೆ ತರಿತರಿ ಸಿಗುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಬೆಲ್ಟಿಲ್ಲದೆ ವಾಟರ್ ಪಂಪೂ ನಿಂತಿರಬಹುದು. ಅಂದ ಹಾಗೆ ಬೇರಿಂಗ್ ಬೇಗ ಹೋಗಲು ನಮ್ಮ ಜನರ ಒಂದು ಶೋಕಿಯೂ ಕಾರಣ: ವಾಟರ್ ಸರ್ವಿಸ್‌ನಲ್ಲಿ ಎಂಜಿನ್ನಿಗೂ ಜೋರಾಗಿ ನೀರು ಹೊಡೆಸುವುದು. ಆ ಒತ್ತಡಕ್ಕೆ ಸೀಲ್ ದಾಟಿ ನೀರು ಒಳಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ.

ಬೆಲ್ಟು ಬಿಚ್ಚಿದರೂ ಕೂಗು ಹೋಗದಿದ್ದರೆ? ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್, ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಕಡೆಯ ಬೇರಿಂಗ್ ಎಂದು ಅನುಮಾನಿಸಬಹುದು. ತಣ್ಣನೆಯ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಗ್ಯಾಸ್ಕೆಟ್ ಸೀಳಿದ್ದರೂ ಹಕ್ಕಿಯ ದನಿಯೇ. ಲೋಹ ಕಾದು ಹಿಗ್ಗಿ ಸೀಳು ಮುಚ್ಚಿದಾಗ ನಿಂತುಬಿಡುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಅದು ಏರುತ್ತದೆ ಎಂಬುದು ಗುರುತು.

ತಾಳವನ್ನೂ ಎಣಿಸಬಹುದು. ನಾನು ಮೇಲೆ ಹೇಳಿದ ಅಳತೆಯ ಬೆಲ್ಟು ಐಡಲ್‌ನಲ್ಲಿ ಸೆಕೆಂಡಿಗೆ ಐದೂವರೆ ಸುತ್ತು ಬರುತ್ತದೆ, ಕ್ರ್ಯಾಂಕ್ ಪುಲ್ಲಿ ಹದಿಮೂರು, ಐದೂವರೆ ಸೆಂಟಿಮೀಟರಿನ ಆಲ್ಟರ್ನೇಟರ್ ಪುಲ್ಲಿ ಮೂವತ್ತನಾಲ್ಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿಧಾನವಾಗಿ ಕೇಳಿಸಿಕೊಂಡರೆ ಅಸಲಿನ ಒಂದು ಸೆಕೆಂಡಿಗೆ ಸುಮಾರು ಐದೂವರೆ ಚಿಂವ್ ಬಂದಿತೆನ್ನಿ, ಬೆಲ್ಟಿನ ಒಂದೇ ಜಾಗದಲ್ಲಿ ಗಾಯವೋ ಕಲ್ಲೋ ಇರಬೇಕು. ಈ ಲೆಕ್ಚರರ್ ಮಗನಿಗೆ ಇದನ್ನು ಹೇಳಿಕೊಟ್ಟೆ, ಈಗ ಅವನು ಅಪಾರ್ಟ್‌ಮೆಂಟಿನ ಲಿಫ್ಟನ್ನೂ ರೆಕಾರ್ಡ್ ಮಾಡುತ್ತಾನಂತೆ.

ಕೂಗಿನ ಜೊತೆ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಮಾತ್ರ ಇವೆಲ್ಲ ಪರೀಕ್ಷೆ ಬೇಡ. ಬೆಲ್ಟು ಹರಿದಿರಬಹುದು, ವಾಟರ್ ಪಂಪೂ ಅದರದ್ದೇ ಆಗಿದ್ದರೆ ಎಂಜಿನ್ ನಿಮಿಷಗಳಲ್ಲಿ ಕಾಯುತ್ತದೆ. ಬೊಮ್ಮನಹಳ್ಳಿಯ ಹತ್ತಿರ ದೀಪ ಕಂಡರೆ ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆ ಹತ್ತಬೇಡಿ, ಹೆಚ್ಚುಕಡಿಮೆ 10 ಕಿಲೋಮೀಟರ್ ಮೇಲೆ ನಿಲ್ಲಲು ನೆಮ್ಮದಿಯ ಜಾಗವಿಲ್ಲ. ಕೆಲವು ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಒಳಗಿನ ಟೈಮಿಂಗ್ ಬೆಲ್ಟು. ಅಲ್ಲಿ ಪಂಪಿನ ಬೇರಿಂಗ್ ಹಿಡಿದು ಬೆಲ್ಟು ಹಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುವ ಸಾಧ್ಯತೆಯಿದೆ. ಆ ಬಿಲ್ಲಿನಲ್ಲಿ ಹಳೇ ಸ್ಕೂಟರೊಂದು ಬರುತ್ತದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟಿನ ಕಲೆ ಇಳಿದಿದ್ದರೆ ಕೂಗಿಗೆ ಕಾಯದೆ ಬಿಚ್ಚಿಸಿ.

ಬಿಡಿಭಾಗ ತರಲು ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಕಾರಿನ ಹೆಸರು, ವರ್ಷ ಹೇಳಿದರೆ ಅಂಗಡಿಯವನು ಮೂರು ಥರ ತೋರಿಸುತ್ತಾನೆ. ನಂಬರ್ ಹೇಳಿದರೆ ಒಂದೇ. ಬೇರಿಂಗಿನ ಪಕ್ಕದಲ್ಲೂ ನಂಬರ್ ಇರುತ್ತದೆ: 6203 ಎಂದಿದ್ದರೆ ಕೊನೆಯ 03 ಒಳತೂತು 17 ಮಿಲಿಮೀಟರ್ ಎನ್ನುವುದಕ್ಕೆ, 02 ಆದರೆ 15. ಲೆಕ್ಚರರ್‌ಗೆ ಬೇಕಾದದ್ದು ಬರೀ ವಾಷರ್, ಅದು ನನ್ನ ಡಬ್ಬಿಯಲ್ಲೇ ಇತ್ತು. ಜೆ.ಸಿ. ರಸ್ತೆಗೆ ಭಾನುವಾರ ಮಾತ್ರ ಹೋಗಬೇಡಿ, ಅಲ್ಲಿ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ.