ಮಯನ ಹದಿನಾಲ್ಕು ತಿಂಗಳು



ಭಾನುವಾರ ಮಧ್ಯಾಹ್ನವಾದರೆ ನಮ್ಮ ಮನೆಯ ಊಟದ ಮೇಜು ನಿಮ್ಮಂಥವರ ವಶ. ಡೊಂಬಿವಲಿ, ಮುಲುಂಡ್, ಗೋರೆಗಾಂವ್‌ಗಳಿಂದ ಲೋಕಲ್ ಹಿಡಿದು ಬಂದ ಐದಾರು ಮಕ್ಕಳು ಇಪ್ಪತ್ತು ಮುಖದ ದಾಳ ಉರುಳಿಸುತ್ತ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಒಬ್ಬರು ಕಥೆ ನಡೆಸುವ ಮಾಸ್ಟರ್, ಉಳಿದವರಿಗೆ ಒಂದೊಂದು ಪಾತ್ರ. ನಮ್ಮ ತಾಳಮದ್ದಲೆಯ ಅರ್ಥಧಾರಿಗಳಂತೆ ಕುಳಿತಲ್ಲೇ ಪಾತ್ರವಾಗಿ ಮಾತಾಡುವುದು. ಆದರೆ ಕೈಹಾಕಿದ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಕಳೆದ ಮಳೆಗಾಲದ ಒಂದು ಭಾನುವಾರ ನಾನು ಚಹಾ ತಂದಾಗ ಅಲ್ಲೊಂದು ಜಗಳ ನಡೆದಿತ್ತು. ಒಬ್ಬ ಹುಡುಗಿ ಕಮ್ಮಾರ ಕಸುಬಿನ ಪಾತ್ರವನ್ನು ಆರಿಸಿಕೊಂಡಿದ್ದಳು. ಗೆಳೆಯನ ಪಾತ್ರಕ್ಕೆ ಮೈತುಂಬ ಉಕ್ಕಿನ ಕವಚವನ್ನು ತಾನೇ ಮಾಡಿಕೊಡುತ್ತೇನೆಂದಳು. ಮಾಸ್ಟರ್ ಪುಸ್ತಕ ತೆರೆದ. 2014ರ ನಿಯಮದಂತೆ ದಿನಕ್ಕೆ 5 ಚಿನ್ನದ ನಾಣ್ಯದ ಬೆಲೆಯಷ್ಟು ಕೆಲಸ ಸಾಗುತ್ತದೆ. ಕವಚದ ಬೆಲೆ 1,500. ಅಂದರೆ 300 ದಿನ! ಎಲ್ಲರೂ ನಕ್ಕರು. "ಸುಮ್ಮನೆ ಅಂಗಡಿಯಲ್ಲಿ ಕೊಂಡುಕೊಳ್ಳೋಣ" ಎಂದರು. ಮುಂದಿನ ವಾರ ಆಕೆ ಆಟಕ್ಕೆ ಬರಲಿಲ್ಲ.

ಲೆಕ್ಕವೇನೋ ಸರಿಯೇ. 2024ರ ಹೊಸ ಪುಸ್ತಕ ಇದನ್ನು ದಿನಕ್ಕೆ 10 ನಾಣ್ಯ ಮಾಡಿದೆ, ಆಗಲೂ 150 ದಿನ ಬೇಕು. ಹಾಗೆಂದು ಮಾಸ್ಟರ್ "ಆಯಿತು, ಮಾಡಿಬಿಟ್ಟೆ" ಎಂದಿದ್ದರೆ ಆ ಕವಚಕ್ಕೆ ಮೂರು ಕಾಸಿನ ಬೆಲೆಯೂ ಇರುತ್ತಿರಲಿಲ್ಲ. ಹಾಗಾದರೆ ದಾರಿ ಯಾವುದು?

ನಮ್ಮ ಮಹಾಭಾರತದ ಮಯನನ್ನು ನೋಡಿ. ಖಾಂಡವವನ ಉರಿಯುವಾಗ ಅರ್ಜುನ ಅವನ ಜೀವ ಉಳಿಸಿದ. ಆ ಋಣಕ್ಕಾಗಿ ಮಯ ಧರ್ಮರಾಯನಿಗೆ ಸಭಾಭವನ ಕಟ್ಟಲು ಹೊರಟ. ಸಾಮಗ್ರಿ ಕೈಗೆಟಕುವಲ್ಲಿರಲಿಲ್ಲ. ಕೈಲಾಸದ ಉತ್ತರಕ್ಕಿರುವ ಬಿಂದುಸರೋವರಕ್ಕೆ ಹೋಗಿ ಸ್ಫಟಿಕ ತಂದ. ಬರುವಾಗ ಭೀಮನಿಗೆ ಗದೆಯನ್ನೂ ಅರ್ಜುನನಿಗೆ ದೇವದತ್ತ ಶಂಖವನ್ನೂ ತಂದ. ಕಟ್ಟಲು ಹದಿನಾಲ್ಕು ತಿಂಗಳು ಹಿಡಿಯಿತು. ಆದರೂ ಕಥೆ ಎಲ್ಲಿಯೂ ಬೇಸರ ತರಿಸುವುದಿಲ್ಲ. ಏಕೆಂದರೆ ಮಾಡುವುದಕ್ಕೊಂದು ಕಾರಣವಿತ್ತು, ತರುವುದಕ್ಕೊಂದು ಪ್ರಯಾಣವಿತ್ತು. ಮುಂದೆ ಅದೇ ಸಭೆಯಲ್ಲಿ ನೆಲವೆಂದುಕೊಂಡು ನೀರಿಗೆ ಬಿದ್ದ ದುರ್ಯೋಧನನ ಅವಮಾನ ಎಲ್ಲಿಗೆ ಮುಟ್ಟಿತೆಂದು ನಿಮಗೆ ಗೊತ್ತು.

ನಿಮ್ಮ ಆಟದಲ್ಲಿಯೂ ಹೀಗೆ ಮಾಡಬಹುದಲ್ಲವೇ? ಒಳ್ಳೆಯ ಉಕ್ಕು ಎಲ್ಲೋ ದೂರದ ಗಣಿಯಲ್ಲಿದ್ದರೆ ಅದನ್ನು ತರಲು ಎಲ್ಲರೂ ಹೋಗಬೇಕು. ಆಗ ಕಮ್ಮಾರಳ ಕೆಲಸ ಎಲ್ಲರ ಕೆಲಸವಾಗುತ್ತದೆ. ಕಸುಬು ಬಲ್ಲವರು ಒಟ್ಟಿಗೆ ಸೇರಿ ದುಡಿಯಬಹುದೆಂದು 2014ರ ಪುಸ್ತಕವೇ ಹೇಳುತ್ತದೆ. ಮೂವರಾದರೆ ಅದೇ ಕವಚ 100 ದಿನಗಳಲ್ಲಿ ಮುಗಿಯುತ್ತದೆ. ಊರೂರು ತಿರುಗಲಾಗದ ಮಳೆಗಾಲವನ್ನು ಕಥೆಯಲ್ಲಿ ತನ್ನಿ. ಆ ದಿನಗಳಲ್ಲಿ ಯಾರು ಏನು ಮಾಡಿದರೆಂದು ಒಬ್ಬೊಬ್ಬರೂ ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಸಾಗಿ.

ಮಂತ್ರಶಕ್ತಿಯ ವಸ್ತುವಾದರೆ ಬೆಲೆಯೂ ಹೆಚ್ಚಬೇಕು. 2000ದ ಆವೃತ್ತಿಯಲ್ಲಿ ಅಂಥದ್ದನ್ನು ಮಾಡುವವರು ತಾವು ಗಳಿಸಿದ ಅನುಭವದ ಅಂಕಗಳಲ್ಲೇ ಒಂದು ಪಾಲನ್ನು ತೆರಬೇಕಿತ್ತು. ಮುಂದೆ ಆ ನಿಯಮವನ್ನು ಕೈಬಿಟ್ಟರು. ನನಗಂತೂ ಅದು ಹಿಡಿಸಿತು. ವಜ್ರಾಯುಧಕ್ಕಾಗಿ ದಧೀಚಿ ತನ್ನ ಬೆನ್ನೆಲುಬನ್ನೇ ಕೊಟ್ಟ ಕಥೆ ಕೇಳಿ ಬೆಳೆದವಳು ನಾನು.

ನಿಜವಾದ ಕೈಕೆಲಸ ನೋಡಬೇಕೆನಿಸಿದರೆ ಧಾರಾವಿಯ ಕುಂಭಾರವಾಡದಲ್ಲಿ ಅರ್ಧ ಗಂಟೆ ನಿಲ್ಲಿ. ಮಣ್ಣು ಹದಮಾಡಬೇಕು, ತಿಗರಿಯ ಮೇಲೆ ತಿದ್ದಬೇಕು, ಒಣಗಿಸಬೇಕು, ಸುಡಬೇಕು. ಹಸಿ ಮಡಕೆಗೆ ಮಳೆ ಬಿದ್ದರೆ ಕೆಲಸವೆಲ್ಲ ಹಾಳು. ಒಂದು ಮಡಕೆಯ ಹಿಂದೆ ಇಷ್ಟೆಲ್ಲ ಇರುವಾಗ ಕವಚವೊಂದನ್ನು ಬರೀ ದಾಳಕ್ಕೆ ಬಿಡುವುದೇ?

ಇದನ್ನೆಲ್ಲ ನಮ್ಮ ಮನೆಯ ಮಾಸ್ಟರ್‌ಗೂ ಹೇಳಿ, ಆ ಹುಡುಗಿಗೆ ಅವನಿಂದಲೇ ಫೋನ್ ಮಾಡಿಸಿದೆ. ಆಕೆ ಮತ್ತೆ ಬರುತ್ತಿದ್ದಾಳೆ. ಕವಚ ಇನ್ನೂ ಅರ್ಧವಾಗಿದೆ. ಗಣಿಯ ದಾರಿಯಲ್ಲಿ ಏನೋ ದೊಡ್ಡ ಗಂಡಾಂತರವಂತೆ, ಮೇಜಿನ ಸುತ್ತ ಒಂದೇ ಗಲಾಟೆ!

ನಿಮ್ಮ ಗುಂಪಿನಲ್ಲಿಯೂ ಅಂಥ ಒಬ್ಬರಿರಬಹುದು. ಕತ್ತಿ ಬೀಸುವವರ ಗದ್ದಲದಲ್ಲಿ ಕತ್ತಿ ಮಾಡುವವರ ದನಿ ಕೇಳಿಸುವುದಿಲ್ಲ. ಮುಂದಿನ ಸಲ ದಾಳ ಎತ್ತುವ ಮೊದಲು ಅವರನ್ನು ಕೇಳಿ: "ಏನು ಮಾಡಬೇಕೆಂದಿದ್ದೀಯಾ? ಅದಕ್ಕೆ ನಾವೇನು ತಂದುಕೊಡಲಿ?"